ಹುಡುಕುಯಂತ್ರಕ್ಕೆ ಕನ್ನಡ ಕಲಿಸುವ ಹೊಣೆ ಯಾರದು?

ಡಿಜಿಟಲ್ ಗ್ರಂಥಾಲಯವೊಂದರಲ್ಲಿ ‘ಕೆರೆ’ ಎಂದು ಬರೆದು ಹುಡುಕಿದರೆ ಏನು ಸಿಗಬೇಕು? ಕೆರೆಗೆ ಸಂಬಂಧಪಟ್ಟದ್ದೆಲ್ಲ ಸಿಗಬೇಕು: ಕೆರೆಗಳ ಹೂಳು, ಕೆರೆಯ ಏರಿ, ಕೆರೆಗೆ ಬಿಟ್ಟ ದತ್ತಿ, ಕೆರೆಯಿಂದ ನೀರುಂಡ ಗದ್ದೆ. ಆದರೆ ಶೋಧ ಸರ್ವರೊಂದನ್ನು ತಂದು, ಅದರ ಸೆಟ್ಟಿಂಗುಗಳನ್ನು ಮುಟ್ಟದೆ, ಬಂದ ಹಾಗೆಯೇ ಓಡಲು ಬಿಟ್ಟರೆ ‘ಕೆರೆ’ ಎಂಬ ಪದ ಯಾವ ಪ್ರತ್ಯಯವನ್ನೂ ಹಚ್ಚಿಕೊಳ್ಳದೆ ಒಂಟಿಯಾಗಿ ನಿಂತಿರುವ ಪುಟಗಳು ಮಾತ್ರ ಬರುತ್ತವೆ. ಕನ್ನಡದ ವಾಕ್ಯದಲ್ಲಿ ನಾಮಪದ ಹಾಗೆ ಒಂಟಿಯಾಗಿ ನಿಲ್ಲುವುದು ಕಡಿಮೆ. ಹೀಗಾಗಿ ಸಿಗಬೇಕಾದದ್ದರಲ್ಲಿ ಬಹಳಷ್ಟು ಸಿಗುವುದಿಲ್ಲ. ಸಿಗಲಿಲ್ಲ ಎಂಬುದೂ ಹುಡುಕಿದವರಿಗೆ ತಿಳಿಯುವುದಿಲ್ಲ, ಏಕೆಂದರೆ ಪರದೆಯ ಮೇಲೆ ಹತ್ತಿಪ್ಪತ್ತು ಫಲಿತಾಂಶಗಳು ಬಂದೇ ಇರುತ್ತವೆ. ಪುಸ್ತಕ ಸ್ಕ್ಯಾನ್ ಆಗಿದೆ, ಅಕ್ಷರರೂಪಕ್ಕೆ ಇಳಿದಿದೆ, ಸರ್ವರಿನ ಒಳಗೂ ಸೇರಿದೆ. ಓದುಗರ ಪಾಲಿಗೆ ಮಾತ್ರ ಅದು ಇಲ್ಲ.

ಶೋಧ ಸರ್ವರನ್ನು ಹೊಂದಿಸುವುದು ಕಂಪ್ಯೂಟರ್ ವಿಭಾಗಕ್ಕೆ ಒಪ್ಪಿಸಿ ಮರೆತುಬಿಡಬಹುದಾದ ಕೆಲಸ ಎಂಬ ನಂಬಿಕೆ ನಮ್ಮ ಸಂಸ್ಥೆಗಳಲ್ಲಿ ಬೇರೂರಿದೆ. ಅದು ತಪ್ಪು ಎಂಬುದು ನನ್ನ ವಾದ. ಯಾವೆಲ್ಲ ರೂಪಗಳು ಒಂದೇ ಪದ, ಯಾವುವು ಬೇರೆ ಬೇರೆ ಪದ ಎಂದು ತೀರ್ಮಾನಿಸುವುದೇ ಆ ಕೆಲಸದ ತಿರುಳು. ಇದು ವೈಯಾಕರಣರ, ನಿಘಂಟುಕಾರರ, ಗ್ರಂಥಪಾಲಕರ ತೀರ್ಮಾನ. ಅವರು ಕೈಹಾಕದೆ ಹೋದರೆ ತೀರ್ಮಾನವೇನೂ ಬಾಕಿ ಉಳಿಯುವುದಿಲ್ಲ. ಬೇರೆ ಭಾಷೆಗಳನ್ನು ಮನಸ್ಸಿನಲ್ಲಿಟ್ಟುಕೊಂಡವರು ಮೊದಲೇ ಮಾಡಿಟ್ಟ ತೀರ್ಮಾನ ನಮ್ಮ ಪುಸ್ತಕಗಳ ಮೇಲೆ ಜಾರಿಯಾಗುತ್ತದೆ.

ಮಾತು ಗಾಳಿಯಲ್ಲಿ ಉಳಿಯದಿರಲಿ ಎಂದು ಅಪಾಚೆ ಸೋಲರ್ ಎಂಬ ಮುಕ್ತ ತಂತ್ರಾಂಶವನ್ನೇ ಎದುರಿಗಿಟ್ಟುಕೊಳ್ಳೋಣ. ಡಗ್ ಕಟಿಂಗ್ 1999ರಲ್ಲಿ ಬರೆದ ಲುಸೀನ್ ಇದರ ಒಳಗಿನ ಎಂಜಿನ್. ಯೋನಿಕ್ ಸೀಲಿ 2004ರಲ್ಲಿ ಅಮೆರಿಕದ ಸಿನೆಟ್ ಕಂಪನಿಯ ಒಳಬಳಕೆಗೆಂದು ಲುಸೀನ್ ಸುತ್ತ ಒಂದು ಸರ್ವರ್ ಕಟ್ಟಿದರು. 2006ರಲ್ಲಿ ಕಂಪನಿ ಅದನ್ನು ಅಪಾಚೆ ಪ್ರತಿಷ್ಠಾನಕ್ಕೆ ಕೊಟ್ಟಿತು. ಶೇ ಬ್ಯಾನನ್ 2010ರಲ್ಲಿ ಹೊರತಂದ ಇಲಾಸ್ಟಿಕ್‌ಸರ್ಚ್, ಅದರಿಂದ 2021ರಲ್ಲಿ ಕವಲೊಡೆದ ಓಪನ್‌ಸರ್ಚ್, ಇವೂ ಲುಸೀನ್ ಮೇಲೆಯೇ ನಿಂತಿವೆ. ಆದ್ದರಿಂದ ಸೋಲರ್ ಬಗ್ಗೆ ಇಲ್ಲಿ ಹೇಳುವುದು ಬಹುಮಟ್ಟಿಗೆ ಆ ಎರಡಕ್ಕೂ ಸಲ್ಲುತ್ತದೆ. ಪುಸ್ತಕದ ಕೊನೆಗೆ ಕೊಡುವ ಪದಸೂಚಿಯ ಹಾಗೆ ಈ ಎಂಜಿನ್ ಎಲ್ಲ ಪಠ್ಯದ ಪದಗಳನ್ನೂ ಪಟ್ಟಿ ಮಾಡಿ, ಯಾವ ಪದ ಯಾವ ಪುಟದಲ್ಲಿದೆ ಎಂದು ಬರೆದಿಟ್ಟುಕೊಳ್ಳುತ್ತದೆ. ನಾವು ಹುಡುಕುವಾಗ ಅದು ಪುಸ್ತಕ ಓದುವುದಿಲ್ಲ, ಈ ಸೂಚಿಯನ್ನು ನೋಡುತ್ತದೆ. ಸೂಚಿಯಲ್ಲಿ ಯಾವ ರೂಪ ದಾಖಲಾಗಿದೆಯೋ ಅದಕ್ಕಷ್ಟೇ ಉತ್ತರ.

ಸ್ಥಾಪಿಸುವುದು ಸುಲಭ. ಜಾವಾ ಇರುವ ಯಂತ್ರದಲ್ಲಿ ಸೋಲರ್ ಕಂತೆ ಬಿಚ್ಚಿ ಒಂದು ಆದೇಶ ಕೊಟ್ಟರೆ 8983ನೇ ಪೋರ್ಟಿನಲ್ಲಿ ಅದು ಎದ್ದು ಕೂರುತ್ತದೆ. ಇನ್ನೊಂದು ಆದೇಶಕ್ಕೆ ಸೂಚಿಯನ್ನು ಇಡುವ ‘ಕೋರ್’ ಸಿದ್ಧ, ಮತ್ತೊಂದಕ್ಕೆ ಕಡತಗಳು ಒಳಗೆ. ನಮ್ಮ ಯೋಜನೆಗಳು ಸಾಮಾನ್ಯವಾಗಿ ಇಲ್ಲಿಗೇ ‘ಪೂರ್ಣಗೊಂಡಿದೆ’ ಎಂಬ ಷರಾ ಪಡೆಯುತ್ತವೆ. ಈ ಹಂತದಲ್ಲಿ ಸೋಲರ್ ತಾನೇ ಊಹೆ ಮಾಡಿ ಕ್ಷೇತ್ರಗಳಿಗೆ ಬಗೆ ನಿಗದಿ ಮಾಡಿರುತ್ತದೆ. ಪುಸ್ತಕದ ದಾಖಲೆ ಸಂಖ್ಯೆ 00123 ಎಂದಿದ್ದರೆ ಅದನ್ನು ಬರೀ ಸಂಖ್ಯೆಯೆಂದು ತಿಳಿದು ಮುಂದಿನ ಸೊನ್ನೆಗಳನ್ನು ಉದುರಿಸುತ್ತದೆ. ಆ ಊಹೆಯನ್ನು ನಿಲ್ಲಿಸಿ ಲೇಖಕ, ಶೀರ್ಷಿಕೆ, ಪ್ರಕಟಣೆಯ ವರ್ಷ, ಪಠ್ಯ ಎಂದು ಪ್ರತಿ ಕ್ಷೇತ್ರವನ್ನೂ ಸ್ಕೀಮಾ ಕಡತದಲ್ಲಿ ಕೈಯಾರೆ ಬರೆಯಬೇಕು. ಕಾವಲಿನ ವಿಷಯವೂ ಇಲ್ಲೇ ಬರುತ್ತದೆ. ಸೋಲರ್ 9 ತಾನಾಗಿ ತನ್ನ ಯಂತ್ರದೊಳಗಿನ ಕರೆಗಳಿಗೆ ಮಾತ್ರ ಓಗೊಡುತ್ತದೆ. ಅವಸರಕ್ಕೆ ಅದನ್ನು ಹೊರಜಗತ್ತಿಗೆ ತೆರೆದು ಪಾಸ್‌ವರ್ಡ್ ಇಡದೆ ಬಿಟ್ಟರೆ ಯಾರು ಬೇಕಾದರೂ ಬಂದು ಸೂಚಿಯನ್ನು ಅಳಿಸಿಹೋಗಬಹುದು. 2020ರ ಜುಲೈನಲ್ಲಿ ಹೀಗೆ ಬಾಗಿಲು ತೆರೆದಿಟ್ಟ ಸಾವಿರಾರು ಡೇಟಾಬೇಸುಗಳು ಜಗತ್ತಿನಾದ್ಯಂತ ಅಳಿದುಹೋದವು. ಅವುಗಳಲ್ಲಿ ಇಲಾಸ್ಟಿಕ್‌ಸರ್ಚ್ ಸರ್ವರುಗಳು ಬಹಳ ಇದ್ದವು. ಇದೆಲ್ಲ ಮುಖ್ಯ, ಆದರೆ ಕೈಪಿಡಿ ಓದಿದ ಯಾವ ತಂತ್ರಜ್ಞರೂ ಮಾಡಬಲ್ಲ ಕೆಲಸ. ಕೈಪಿಡಿಯಲ್ಲಿ ಇಲ್ಲದಿರುವುದು ಕನ್ನಡ.

ಇಲ್ಲದಿರುವುದು ಎಂದು ಅಕ್ಷರಶಃ ಹೇಳುತ್ತಿದ್ದೇನೆ. ಸೋಲರ್ 9ರ ಜೊತೆಗೆ ಬರುವ ಮೂಲ ಸಂರಚನೆಯಲ್ಲಿ ಭಾಷೆಗಳಿಗೆಂದೇ ಒಂದು ಫೋಲ್ಡರ್ ಇದೆ. ಅದರಲ್ಲಿ ಅರಬ್ಬಿ, ಜರ್ಮನ್, ಫಿನ್ನಿಶ್, ಟರ್ಕಿಶ್, ಥಾಯ್, ಹಿಂದಿ ಇವೆ. ಐರಿಶ್ ಇದೆ, ಗ್ಯಾಲಿಷಿಯನ್ ಇದೆ, ಬಾಸ್ಕ್ ಇದೆ. ಕನ್ನಡದ ಕಡತ ಇಲ್ಲ. ಲುಸೀನ್ ಒಳಗೆ ಬಂಗಾಳಿಗೆ, ತಮಿಳಿಗೆ, ನೇಪಾಳಿಗೆ, ತೆಲುಗಿಗೆ ಪಠ್ಯವನ್ನು ಸೂಚಿಗೆ ಸಿದ್ಧಪಡಿಸುವ ವಿಶ್ಲೇಷಕಗಳು ಸೇರಿಕೊಂಡಿವೆ. ಭಾರತೀಯ ಲಿಪಿಗಳಿಗೆಲ್ಲ ಸೇರಿ ಇರುವ ಇಂಡಿಕ್ ನಾರ್ಮಲೈಸೇಶನ್ ಎಂಬ ಸೋಸಕ (ಫಿಲ್ಟರ್) ಕನ್ನಡ ಲಿಪಿಯನ್ನೂ ಬಲ್ಲದು, ಆದರೆ ಅದರ ವ್ಯಾಪ್ತಿ ಅಕ್ಷರ ಜೋಡಣೆಯಷ್ಟೇ. ಪ್ರತ್ಯಯದ ಗೊಡವೆ ಅದಕ್ಕಿಲ್ಲ.

2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷಿಕರು 4.37 ಕೋಟಿ. ಬಾಸ್ಕ್ ಮಾತನಾಡುವವರು ಹತ್ತು ಲಕ್ಷದೊಳಗೆ. ‘ಕನ್ನಡದ ಪ್ರತ್ಯಯ ವ್ಯವಸ್ಥೆ ಬಹಳ ಜಟಿಲ, ಅದಕ್ಕೇ ಯಾರೂ ಮಾಡಿಲ್ಲ’ ಎಂಬ ಸಮಾಧಾನವನ್ನು ನಾನು ಹಲವು ಸಲ ಕೇಳಿದ್ದೇನೆ. ಬಾಸ್ಕ್, ಫಿನ್ನಿಶ್, ಟರ್ಕಿಶ್, ಹಂಗೇರಿಯನ್ ಇವೆಲ್ಲ ನಮ್ಮ ಭಾಷೆಯ ಹಾಗೆಯೇ ಪ್ರತ್ಯಯದ ಮೇಲೆ ಪ್ರತ್ಯಯ ಪೇರಿಸುವ ಭಾಷೆಗಳು. ಅವಕ್ಕೆಲ್ಲ ಆಗಿದೆ. ಜಟಿಲತೆ ಕಾರಣವಾಗಿದ್ದರೆ ಅವಕ್ಕೂ ಆಗುತ್ತಿರಲಿಲ್ಲ.

ಸೋಲರಿನ ಆಡಳಿತ ಪುಟದಲ್ಲಿ ‘ಅನಾಲಿಸಿಸ್’ ಎಂಬ ಪರದೆ ಇದೆ. ಕನ್ನಡ ಪ್ರಾಧ್ಯಾಪಕರೆಲ್ಲ ಒಮ್ಮೆ ಅದರ ಮುಂದೆ ಕೂರಬೇಕೆಂದು ನನ್ನ ಆಸೆ. ಎಡಗಡೆಯ ಪೆಟ್ಟಿಗೆಯಲ್ಲಿ ಸೂಚಿಗೆ ಹೋಗುವ ಪಠ್ಯ, ಬಲಗಡೆಯದರಲ್ಲಿ ಹುಡುಕುವ ಪದ. ಗುಂಡಿ ಒತ್ತಿದರೆ ಪಠ್ಯ ಒಂದೊಂದು ಸೋಸಕವನ್ನು ದಾಟುವಾಗ ಏನಾಗುತ್ತದೆ ಎಂಬುದು ಸಾಲುಸಾಲಾಗಿ ಕಾಣುತ್ತದೆ. ಎಡಕ್ಕೆ ‘ಕೆರೆಗಳಲ್ಲಿಯೂ’, ಬಲಕ್ಕೆ ‘ಕೆರೆ’ ಹಾಕಿ, ಸಾಮಾನ್ಯ ಪಠ್ಯದ ಬಗೆಯನ್ನು ಆರಿಸಿ ನೋಡಿ. ಪದ ಒಡೆಯುವ ಟೋಕನೈಸರ್ ಯುನಿಕೋಡ್ ನಿಯಮವನ್ನು ಪಾಲಿಸುವುದರಿಂದ ‘ಕೆರೆಗಳಲ್ಲಿಯೂ’ ಚೂರಾಗದೆ ಒಂದೇ ಟೋಕನ್ ಆಗಿ ಹೊರಬರುತ್ತದೆ, ಅಷ್ಟರಮಟ್ಟಿಗೆ ಸರಿ. ಮುಂದಿನ ಸೋಸಕ ಸೂಚಿಯಿಂದ ಕೈಬಿಡಬೇಕಾದ ನಿಲುಗಡೆ ಪದಗಳದ್ದು, ಪಟ್ಟಿ ಖಾಲಿ. ಅದರ ಮುಂದಿನದು ದೊಡ್ಡಕ್ಷರಗಳನ್ನು ಸಣ್ಣಕ್ಷರ ಮಾಡುವಂಥದ್ದು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವೇ ಇಲ್ಲ. ಹೀಗೆ ಎಲ್ಲ ಮೆಟ್ಟಿಲು ಇಳಿದ ಮೇಲೂ ಎಡಗಡೆ ‘ಕೆರೆಗಳಲ್ಲಿಯೂ’, ಬಲಗಡೆ ‘ಕೆರೆ’. ಎರಡೂ ಸೇರುವುದೇ ಇಲ್ಲ. ಕನ್ನಡದ ಮಟ್ಟಿಗೆ ಈ ಸರ್ವರ್ ಏನನ್ನೂ ಮಾಡುತ್ತಿಲ್ಲ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ.

ಪ್ರತ್ಯಯಕ್ಕೆ ಬರುವ ಮೊದಲು ಅಕ್ಷರದ ಮಟ್ಟದಲ್ಲೇ ಸಾಕಷ್ಟು ಅನಾಹುತ ನಡೆಯುತ್ತದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟಕಾರಕ್ಕೆ ವಕಾರದ ಒತ್ತು ಬೀಳದಿರಲೆಂದು ನಡುವೆ ಕಣ್ಣಿಗೆ ಕಾಣದ, ಅಗಲವಿಲ್ಲದ ಒಂದು ಗುರುತನ್ನು ಹಾಕುತ್ತೇವೆ. ಹಾಕಿದವರ ಪದ ಬೇರೆ, ಹಾಕದವರ ಪದ ಬೇರೆ ಎಂದು ಸೂಚಿ ತಿಳಿಯುತ್ತದೆ. ಅರ್ಕಾವೊತ್ತಿನ ‘ಸೂರ್ಯ’ ಒಂದು ಪದ, ರಕಾರದ ಕೆಳಗೆ ಯಕಾರದ ಒತ್ತು ಕೊಟ್ಟ ‘ಸೂರ‍್ಯ’ ಇನ್ನೊಂದು ಪದ. ‘ಕೋ’ ಎಂಬ ಗುಣಿತಾಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಚಿಹ್ನೆಗಳ ಸರಣಿಯಾಗಿಯೂ ಬರೆಯಬಹುದು. ನೋಟಕ್ಕೆ ಒಂದೇ, ಯಂತ್ರಕ್ಕೆ ಬೇರೆ. ಹಳೆಯ ಪುಸ್ತಕದಲ್ಲಿ ೧೯೫೬, ಹೊಸದರಲ್ಲಿ 1956.

ಇವುಗಳಲ್ಲಿ ಅತಿ ಹೆಚ್ಚು ಕಾಡುವುದು ಸೊನ್ನೆ. ಕನ್ನಡದ ಅನುಸ್ವಾರಕ್ಕೂ ಕನ್ನಡ ಅಂಕಿಯ ಸೊನ್ನೆಗೂ ಆಕಾರದಲ್ಲಿ ವ್ಯತ್ಯಾಸ ಕಡಿಮೆ. ಟೈಪಿಸುವವರು ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಒತ್ತಿರುತ್ತಾರೆ, ಸ್ಕ್ಯಾನ್ ಮಾಡಿದ ಪುಟವನ್ನು ಓದುವ ಓಸಿಆರ್ ತಂತ್ರಾಂಶವೂ ಹಾಗೇ ಎಡವುತ್ತದೆ. ‘ಕ೦ಪನಿ’ ಎಂದು ಸೊನ್ನೆ ಹಾಕಿ ಬರೆದದ್ದು ಕಣ್ಣಿಗೆ ಸರಿಯಾಗಿಯೇ ಕಾಣುವುದರಿಂದ ಕರಡು ತಿದ್ದುವವರಿಗೂ ಸಿಕ್ಕುವುದಿಲ್ಲ. ಸೋಲರ್‌ನಲ್ಲಿ ಎಲ್ಲ ಲಿಪಿಗಳ ಅಂಕಿಗಳನ್ನೂ 0ಯಿಂದ 9ರ ರೂಪಕ್ಕೆ ತರುವ ಒಳ್ಳೆಯ ಸೋಸಕವಿದೆ. ೧೯೫೬ ಮತ್ತು 1956 ಒಂದಾಗಬೇಕಾದರೆ ಅದು ಬೇಕೇ ಬೇಕು. ಆದರೆ ಅದನ್ನು ಮೊದಲು ಓಡಿಸಿದರೆ ‘ಕ೦ಪನಿ’ಯ ಸೊನ್ನೆ ಅಂಕಿಯಾಗಿ ಗಟ್ಟಿಗೊಂಡು ಪದ ಶಾಶ್ವತವಾಗಿ ಕೆಟ್ಟಂತೆ. ಅಕ್ಷರದ ಪಕ್ಕದಲ್ಲಿ ಕೂತ ಸೊನ್ನೆಯನ್ನು ಅನುಸ್ವಾರ ಮಾಡುವ ನಿಯಮ ಮೊದಲು, ಅಂಕಿ ಬದಲಿಸುವ ನಿಯಮ ಆಮೇಲೆ. ಎರಡು ಸಾಲುಗಳ ಹಿಂದುಮುಂದಿನ ಪ್ರಶ್ನೆ ಇದು. ಕನ್ನಡ ಪುಟಗಳನ್ನು ವರ್ಷಗಟ್ಟಲೆ ತಿದ್ದಿದವರಿಗೆ ತಟ್ಟನೆ ಹೊಳೆಯುತ್ತದೆ. ಕನ್ನಡ ಓದಲು ಬಾರದ ಎಂಜಿನಿಯರಿಗೆ ಎಷ್ಟೇ ಜಾಣ್ಮೆಯಿದ್ದರೂ ಹೊಳೆಯುವುದು ಕಷ್ಟ. ಇನ್ನು ಆಸ್ಕಿ ಕಾಲದ ‘ನುಡಿ’ ಫಾಂಟುಗಳಲ್ಲಿ ಸಿದ್ಧವಾದ ಪಿಡಿಎಫ್‌ಗಳ ವಿಷಯ ಬೇರೆಯೇ. ಅವುಗಳೊಳಗೆ ಇರುವುದು ಲ್ಯಾಟಿನ್ ಅಕ್ಷರಗಳ ಗೋಜಲು. ಸರ್ವರಿಗೆ ಕೊಡುವ ಮೊದಲೇ ಯುನಿಕೋಡಿಗೆ ಪರಿವರ್ತಿಸದಿದ್ದರೆ ಮುಂದಿನ ಯಾವ ನಿಯಮಕ್ಕೂ ಅರ್ಥವಿಲ್ಲ.

ಈಗ ಪ್ರತ್ಯಯ. ಮೊದಲು ಬರುವ ಸಲಹೆ ನಕ್ಷತ್ರ ಚಿಹ್ನೆಯದು: ‘ಮರ’ದ ಮುಂದೆ ನಕ್ಷತ್ರ ಹಾಕಿದರೆ ಮರವನ್ನು, ಮರದಲ್ಲಿ, ಮರಗಳು ಎಲ್ಲವೂ ಬರುತ್ತವಲ್ಲ ಎನ್ನುತ್ತಾರೆ. ಬರುತ್ತವೆ. ಜೊತೆಗೆ ಮರಣ, ಮರಳು, ಮರಾಠಿ, ಮರೆವು, ಮರ್ಯಾದೆಗಳೂ ಬರುತ್ತವೆ. ಹೊಳೆ ಮರಳಿನ ವರದಿಗಳ ನಡುವೆ ಮರ ಹುಡುಕುವ ಸ್ಥಿತಿ ಓದುಗರದು.

ಸರಿಯಾದ ದಾರಿ ಪ್ರತ್ಯಯಗಳನ್ನು ಕ್ರಮವಾಗಿ ಬಿಡಿಸುವುದು. ‘ಕೆರೆಗಳಲ್ಲಿಯೂ’ ಎಂಬುದರ ಕೊನೆಯ ‘ಊ’ಕಾರವನ್ನೂ ಅದು ಕರೆತಂದ ಯಕಾರಾಗಮವನ್ನೂ ಮೊದಲು ತೆಗೆಯಬೇಕು, ಆಮೇಲೆ ಸಪ್ತಮಿಯ ‘ಅಲ್ಲಿ’, ಆಮೇಲೆ ಬಹುವಚನದ ‘ಗಳು’. ಊರು, ಊರಿನ, ಊರಿಗೆ, ಊರಲ್ಲಿ ಎಂಬಲ್ಲಿ ಕೊನೆಯ ಉಕಾರ ಲೋಪವಾಗುವುದರಿಂದ ನಾಲ್ಕನ್ನೂ ‘ಊರ್’ ಎಂಬ ಬುಡಕ್ಕೆ ತರಬೇಕು. ಆ ಬುಡ ನಿಘಂಟಿನಲ್ಲಿರುವ ಪದವೇ ಆಗಬೇಕೆಂದಿಲ್ಲ. ಸೂಚಿ ಕಟ್ಟುವಾಗಲೂ ಹುಡುಕುವಾಗಲೂ ಒಂದೇ ನಿಯಮ ನಡೆದು, ಎರಡೂ ಕಡೆ ಒಂದೇ ಬುಡ ಬಂದರೆ ಸಾಕು. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದವರಿಗೆ ಇದರಲ್ಲಿ ಹೊಸದೇನಿಲ್ಲ.

ಕಷ್ಟ ಇರುವುದು ಎಲ್ಲಿ ನಿಲ್ಲಬೇಕು ಎಂಬಲ್ಲಿ. ಕೊನೆಯ ‘ಗೆ’ ಚತುರ್ಥಿ ಎಂದು ಕತ್ತರಿಸಿದರೆ ಮಲ್ಲಿಗೆ, ಸಂಪಿಗೆ, ಬೇಸಿಗೆ, ಹೋಳಿಗೆಗಳ ಗತಿ ಏನು? ‘ಗಳು’ ಬಹುವಚನ ಎಂದು ತೆಗೆದರೆ ‘ತಿಂಗಳು’ ಉಳಿಯುತ್ತದೆಯೇ? ‘ದ’ ಷಷ್ಠಿಯೆಂದರೆ ವೇದ, ಪದ, ಶಬ್ದಗಳ ಬಾಲ ಹೋಗುತ್ತದೆ. ‘ಲ್ಲಿ’ ತೆಗೆಯುವ ನಿಯಮ ಹಲ್ಲಿಯನ್ನೂ ದಿಲ್ಲಿಯನ್ನೂ ಕಚ್ಚುತ್ತದೆ. ಇವಕ್ಕೆ ಅಪವಾದಗಳ ಪಟ್ಟಿ ಬೇಕು. ಸೋಲರ್‌ನಲ್ಲಿ ‘ಈ ಪದಗಳನ್ನು ಮುಟ್ಟಬೇಡ’ ಎಂದು ಕಡತ ಕೊಡುವ ಸೌಕರ್ಯ ಮೊದಲಿನಿಂದಲೂ ಇದೆ. ಪಟ್ಟಿಯನ್ನು ಬರೆಯುವವರು ಬೇಕು. ಸಂಧಿಯದ್ದು ಇನ್ನೂ ಒಂದು ಮೆಟ್ಟಿಲು ಮೇಲಿನ ತೊಡಕು: ‘ಕನ್ನಡ’ ಎಂದು ಹುಡುಕಿದವರಿಗೆ ‘ಹೊಸಗನ್ನಡ’, ‘ಹಳಗನ್ನಡ’ ಸಿಗಬೇಕಲ್ಲವೇ? ಆದೇಶ ಸಂಧಿಯಿಂದ ಕಕಾರ ಗಕಾರವಾಗಿದೆ. ಕೇಶಿರಾಜ 13ನೇ ಶತಮಾನದಲ್ಲಿ ಶಬ್ದಮಣಿದರ್ಪಣದಲ್ಲಿ ಸಂಧಿಗೆಂದೇ ಪ್ರಕರಣ ಬರೆದ. ಆ ತಿಳಿವಳಿಕೆ ನಮ್ಮ ಸರ್ವರುಗಳಿಗೆ ಇನ್ನೂ ತಲುಪಿಲ್ಲ.

ಬಿಡಿಸುವ ನಿಯಮ ಎಲ್ಲೋ ಒಂದು ಕಡೆ ತಪ್ಪಿಯೇ ತಪ್ಪುತ್ತದೆ, ಹಾಗಾಗಿ ಬೇಡವೆನ್ನುವ ವಿದ್ವಾಂಸರಿದ್ದಾರೆ. ಅವರ ಆತಂಕವನ್ನು ನಾನು ಗೌರವಿಸುತ್ತೇನೆ, ಆದರೆ ಅದಕ್ಕೆ ಉತ್ತರವಿದೆ. ಒಂದೇ ಪಠ್ಯವನ್ನು ಎರಡು ಕ್ಷೇತ್ರಗಳಿಗೆ ನಕಲು ಮಾಡಿಸಿ, ಒಂದರಲ್ಲಿ ಪದವನ್ನು ಇದ್ದ ಹಾಗೆಯೇ ಇಟ್ಟು, ಇನ್ನೊಂದರಲ್ಲಿ ಬುಡಕ್ಕಿಳಿಸಬಹುದು. ಹುಡುಕುವಾಗ ಎರಡನ್ನೂ ನೋಡಿ, ಯಥಾವತ್ ಹೊಂದಿಕೆಗೆ ಹೆಚ್ಚು ತೂಕ ಕೊಟ್ಟರಾಯಿತು. ಆಗ ‘ಮಲ್ಲಿಗೆ’ ಎಂದವರಿಗೆ ಮಲ್ಲಿಗೆಯೇ ಮೊದಲು ಬರುತ್ತದೆ. ಡಿಸ್ಕಿನಲ್ಲಿ ಸ್ವಲ್ಪ ಹೆಚ್ಚು ಜಾಗ ಹೋಗುತ್ತದೆ, ಅಷ್ಟೇ.

ಪ್ರತ್ಯಯ ಬಿಡಿಸದಿದ್ದರೆ ಫಲಿತಾಂಶ ಕಡಿಮೆಯಾಗುತ್ತದೆ ಎಂಬುದಷ್ಟೇ ಸಮಸ್ಯೆಯಾಗಿದ್ದರೆ ಹೇಗೋ ಸಹಿಸಬಹುದಿತ್ತು. ಬಂದ ಫಲಿತಾಂಶಗಳ ಅನುಕ್ರಮವೂ ಕೆಡುತ್ತದೆ, ಇದನ್ನು ಗಮನಿಸಿದವರು ಕಡಿಮೆ. ಅಪರೂಪದ ಪದಕ್ಕೆ ಹೆಚ್ಚು ತೂಕ ಕೊಡಬೇಕೆಂಬ ವಿಚಾರವನ್ನು ಕ್ಯಾರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಮಂಡಿಸಿದರು. ಅದನ್ನೂ ಒಳಗೊಂಡು ಸ್ಟೀಫನ್ ರಾಬರ್ಟ್‌ಸನ್ ಮತ್ತು ಸಂಗಡಿಗರು ರೂಪಿಸಿದ ಬಿಎಂ25 ಎಂಬ ಸೂತ್ರವೇ ಲುಸೀನ್ 6ರಿಂದ ಈಚೆಗೆ ತಾನಾಗಿ ಬಳಕೆಯಾಗುವ ಲೆಕ್ಕಾಚಾರ. ಇಂಗ್ಲಿಷಿನಲ್ಲಿ ಪದ ಅಪರೂಪವಾಗಿದ್ದರೆ ಅದರ ಅರ್ಥ ವಿಶಿಷ್ಟವಾಗಿರುವ ಸಂಭವ ಹೆಚ್ಚು. ಬಿಡಿಸದ ಕನ್ನಡದಲ್ಲಿ ಪದ ಅಪರೂಪವಾಗುವುದು ಪ್ರತ್ಯಯದ ದೆಸೆಯಿಂದ. ‘ಕೆರೆಗಳಲ್ಲಿನ ಹೂಳು’ ಎಂದು ಹುಡುಕಿದರೆ ‘ಕೆರೆಗಳಲ್ಲಿನ’ ಎಂಬ ರೂಪ ಇಡೀ ಸಂಗ್ರಹದಲ್ಲಿ ನಾಲ್ಕಾರು ಕಡೆ ಮಾತ್ರ ಇರುವುದರಿಂದ ಅದಕ್ಕೆ ಭಾರಿ ತೂಕ ಸಿಕ್ಕುತ್ತದೆ. ಯಾವುದೋ ಪ್ರವಾಸ ಲೇಖನದಲ್ಲಿ ‘ಕೆರೆಗಳಲ್ಲಿನ ಹಕ್ಕಿಗಳು’ ಎಂದಿದ್ದರೆ ಅದು ಮೇಲಕ್ಕೇರುತ್ತದೆ. ಕೆರೆಯ ಹೂಳೆತ್ತುವುದರ ಬಗ್ಗೆಯೇ ಬರೆದ ಪುಸ್ತಕ ಕೆಳಗೆ ಉಳಿಯುತ್ತದೆ. ಸೂತ್ರದಲ್ಲಿ ದೋಷವಿಲ್ಲ. ಪದ ಎಂದರೇನು ಎಂದು ನಾವು ಅದಕ್ಕೆ ಹೇಳಿಕೊಟ್ಟಿಲ್ಲ.

ಸಮಾನಾರ್ಥಕಗಳ ಕಡತ ನನಗೆ ಬಹಳ ಇಷ್ಟವಾದ ಭಾಗ, ಏಕೆಂದರೆ ಇಲ್ಲಿ ಇತಿಹಾಸ ತಿಳಿದವರ ನೆರವಿಲ್ಲದೆ ಒಂದು ಹೆಜ್ಜೆಯೂ ಇಡಲಾಗುವುದಿಲ್ಲ. 1973ರ ನವೆಂಬರ್ 1ಕ್ಕೆ ಮುನ್ನ ಅಚ್ಚಾದ ಆಡಳಿತ ದಾಖಲೆಗಳಲ್ಲಿ ರಾಜ್ಯದ ಹೆಸರು ಮೈಸೂರು. ಗುಲ್ಬರ್ಗಾ, ಗುಲಬರ್ಗಾ, ಕಲಬುರ್ಗಿ, ಕಲಬುರಗಿ ಒಂದೇ ಊರು. 2014ರ ನವೆಂಬರಿನಲ್ಲಿ ಬಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು. ಹಾಗೆಂದು ಕಡತದಲ್ಲಿ ‘ಬಿಜಾಪುರ ಎಂದರೆ ವಿಜಯಪುರ’ ಎಂದು ಎರಡೂ ದಿಕ್ಕಿಗೆ ಸಮ ಎಂದು ಬರೆದುಬಿಟ್ಟರೆ ದೇವನಹಳ್ಳಿ ತಾಲ್ಲೂಕಿನ ವಿಜಯಪುರವನ್ನು ಹುಡುಕಿದವರ ಮುಂದೆ ಆದಿಲ್‌ಶಾಹಿಗಳ ಗೋಲಗುಮ್ಮಟ ಬಂದು ನಿಲ್ಲುತ್ತದೆ. ಎಲ್ಲಿ ಒಮ್ಮುಖ ಸಂಬಂಧ, ಎಲ್ಲಿ ಇಮ್ಮುಖ, ಎಲ್ಲಿ ಜಿಲ್ಲೆಯ ಹೆಸರಿನ ನೆರವು ಬೇಕು ಎಂಬುದನ್ನು ಸಾಲುಸಾಲಾಗಿ ಯೋಚಿಸಿ ಬರೆಯಬೇಕು. ಈ ಕಡತವನ್ನು ಹುಡುಕುವ ಹೊತ್ತಿಗೆ ಅನ್ವಯಿಸುವಂತೆ ಇಟ್ಟರೆ ತಿದ್ದಿದಾಗಲೆಲ್ಲ ಇಡೀ ಸೂಚಿಯನ್ನು ಮರಳಿ ಕಟ್ಟುವ ಶ್ರಮವೂ ತಪ್ಪುತ್ತದೆ. ಉಳಿದ ಬಹುಪಾಲು ಬದಲಾವಣೆಗಳಿಗೆ ಸೂಚಿಯನ್ನು ಹೊಸದಾಗಿ ಕಟ್ಟಲೇಬೇಕು. ಯೋಜನೆಯ ಒಪ್ಪಂದದಲ್ಲಿ ಅದಕ್ಕೆ ಸಮಯ, ಹಣ ಮೀಸಲಿಡದ ಸಂಸ್ಥೆ ಮೊದಲ ದಿನದ ತಪ್ಪುಗಳೊಂದಿಗೇ ಬದುಕಬೇಕಾಗುತ್ತದೆ.

ಈ ಬಗೆಯ ಕೆಲಸ ಕನ್ನಡಕ್ಕೆ ಹೊಸದಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 1940ರ ದಶಕದಲ್ಲಿ ಆರಂಭವಾಗಿ, ಮೊದಲ ಸಂಪುಟ 1970ರಲ್ಲಿ, ಕೊನೆಯದಾದ ಎಂಟನೆಯ ಸಂಪುಟ 1995ರಲ್ಲಿ ಹೊರಬಂತು. ಶಾಸನ, ಕಾವ್ಯಗಳಿಂದ ಪದಗಳನ್ನು ಚೀಟಿಗಳಲ್ಲಿ ಬರೆದುಕೊಂಡು, ವಾಕ್ಯದಲ್ಲಿ ಯಾವ ರೂಪದಲ್ಲೇ ಇರಲಿ ಅದನ್ನು ಅದರ ಮುಖ್ಯ ಉಲ್ಲೇಖದ ಕೆಳಗೆ ಸೇರಿಸುತ್ತ ಹೋದರು. ಶೋಧ ಸರ್ವರಿನ ವಿಶ್ಲೇಷಕ ಪ್ರತಿ ಪದಕ್ಕೂ ಮಾಡಬೇಕಾದದ್ದು ಅದನ್ನೇ. ಆ ತಲೆಮಾರಿನ ಬಳಿ ಕಂಪ್ಯೂಟರ್ ಇರಲಿಲ್ಲ, ತೀರ್ಮಾನಿಸುವ ಶಕ್ತಿ ಇತ್ತು. ಈಗ ಪದಪ್ರಯೋಗವನ್ನು ಬೆರಳ ತುದಿಯಲ್ಲಿ ತೋರಿಸುವ ‘ವಚನ ಸಂಚಯ’ದಂಥ ಜಾಲತಾಣ ಇದೆ, ಉತ್ಸಾಹಿಗಳೂ ವಿದ್ವಾಂಸರೂ ಕೂಡಿ ಕೂತರೆ ಏನಾಗಬಹುದೆಂಬುದಕ್ಕೆ ಅದು ಸಾಕ್ಷಿ. ಸರ್ಕಾರಿ ಇಲಾಖೆಗಳ, ವಿಶ್ವವಿದ್ಯಾಲಯಗಳ ದೊಡ್ಡ ಸಂಗ್ರಹಗಳಿಗೆ ಅದೇ ಕಾಳಜಿ ಏಕೆ ಸಿಗಬಾರದು?

ಈಗ ಎಲ್ಲ ಕಡೆ ಕೇಳಿಬರುವ ಆಕ್ಷೇಪ: ಕೃತಕ ಬುದ್ಧಿಮತ್ತೆ ಬಂದಿರುವಾಗ ಪ್ರತ್ಯಯ ಬಿಡಿಸುವ ಹಳೇ ಕಾಲದ ಕೆಲಸ ಏಕೆ? ಪದಗಳನ್ನು ಸಂಖ್ಯೆಗಳ ಸಾಲಾಗಿಸಿ ಅರ್ಥದ ಹತ್ತಿರದಿಂದ ಹುಡುಕುವ ವೆಕ್ಟರ್ ಶೋಧ 2022ರ ಮೇ ತಿಂಗಳಲ್ಲಿ ಬಂದ ಸೋಲರ್ 9ರಲ್ಲೇ ಇದೆಯಲ್ಲ? ಇದೆ, ಉಪಯುಕ್ತವೂ ಹೌದು. ‘ಬರಗಾಲದಲ್ಲಿ ಹಳ್ಳಿಯವರು ನೀರು ಹೇಗೆ ಹಂಚಿಕೊಳ್ಳುತ್ತಿದ್ದರು’ ಎಂಬಂಥ ಪ್ರಶ್ನೆಗೆ ಅದು ಒಳ್ಳೆಯ ಪುಟಗಳನ್ನು ತಂದುಕೊಡಬಲ್ಲದು. ಆದರೆ ಶಾಸನಗಳನ್ನು ಅಧ್ಯಯನ ಮಾಡುವವರಿಗೆ ‘ಬಿತ್ತುವಟ್ಟ’ ಎಂಬ ಪದ, ಕೆರೆಗಾಗಿ ಬಿಟ್ಟ ಆ ದತ್ತಿಯ ಹೆಸರು, ಎಲ್ಲೆಲ್ಲಿ ಬಂದಿದೆಯೋ ಅಷ್ಟೂ ಬೇಕು. ಅರ್ಥದಲ್ಲಿ ಅದಕ್ಕೆ ಹತ್ತಿರವಾದ ಹತ್ತು ಪುಟ ಬೇಡ. ಜಮೀನಿನ ಸರ್ವೆ ನಂಬರ್, ವ್ಯಕ್ತಿಯ ಹೆಸರು, ಸುತ್ತೋಲೆಯ ದಿನಾಂಕ ಹುಡುಕುವವರಿಗೂ ‘ಸುಮಾರಾಗಿ ಹತ್ತಿರ’ ಎಂಬುದರಿಂದ ಪ್ರಯೋಜನವಿಲ್ಲ. ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಪದ ಆಧಾರಿತ ಹುಡುಕಾಟದಲ್ಲಿ ಒಂದು ಫಲಿತಾಂಶ ಏಕೆ ಬಂತು, ಯಾವ ಪದಕ್ಕೆ ಎಷ್ಟು ಅಂಕ ಸಿಕ್ಕಿತು ಎಂಬ ಲೆಕ್ಕವನ್ನು ಸೋಲರ್ ಕೇಳಿದ ಕೂಡಲೇ ಸಾಲುಸಾಲಾಗಿ ತೋರಿಸುತ್ತದೆ. ಓದುಗರು ಪ್ರಶ್ನಿಸಬಹುದು, ನಾವು ತಿದ್ದಬಹುದು. ವೆಕ್ಟರುಗಳಲ್ಲಿ ‘ಹತ್ತಿರವಾಗಿತ್ತು’ ಎಂಬುದರಾಚೆ ಕಾರಣ ಸಿಗುವುದಿಲ್ಲ. ಸಾರ್ವಜನಿಕ ದಾಖಲೆಯ ವಿಷಯದಲ್ಲಿ ಕಾರಣ ಕೇಳುವ ಹಕ್ಕು ಉಳಿಯಬೇಕು. ಎರಡನ್ನೂ ಜೊತೆಗೆ ಬಳಸಲಿ. ಮೊದಲನೆಯದನ್ನು ಕಟ್ಟದೆ ಎರಡನೆಯದಕ್ಕೆ ನೆಗೆಯುವುದು ಬೇಡ.

ತಂತ್ರಾಂಶವನ್ನು ಆರಿಸುವಾಗ ಪರವಾನಗಿಯ ಚರಿತ್ರೆಯನ್ನೂ ನೋಡಬೇಕು. ಇಲಾಸ್ಟಿಕ್ ಕಂಪನಿ 2021ರ ಜನವರಿಯಲ್ಲಿ ತನ್ನ ಪರವಾನಗಿ ಬದಲಿಸುವುದಾಗಿ ಪ್ರಕಟಿಸಿ ಮುಕ್ತ ತಂತ್ರಾಂಶದ ವ್ಯಾಖ್ಯೆಯಿಂದ ಹೊರನಡೆಯಿತು. ಅಮೆಜಾನ್ ಹಿಂದಿನ ಆವೃತ್ತಿಯನ್ನು ಹಿಡಿದು ಓಪನ್‌ಸರ್ಚ್ ಎಂಬ ಕವಲು ತೆಗೆಯಿತು. 2024ರಲ್ಲಿ ಇಲಾಸ್ಟಿಕ್ ಮತ್ತೆ ಒಂದು ಮುಕ್ತ ಪರವಾನಗಿಯ ಆಯ್ಕೆ ಕೊಟ್ಟಿತು, ಅದೇ ವರ್ಷ ಓಪನ್‌ಸರ್ಚ್ ಲಿನಕ್ಸ್ ಫೌಂಡೇಶನ್ನಿನ ಆಶ್ರಯಕ್ಕೆ ಹೋಯಿತು. ಮೂರೂವರೆ ವರ್ಷದಲ್ಲಿ ಇಷ್ಟು ಏರುಪೇರು. ಅಪಾಚೆ ಪ್ರತಿಷ್ಠಾನದ ಕೈಯಲ್ಲಿರುವ ಸೋಲರ್ ಇಂಥ ಹೊಯ್ದಾಟಕ್ಕೆ ಸಿಕ್ಕಿಲ್ಲ, ಅದಕ್ಕೇ ಸಾರ್ವಜನಿಕ ಸಂಸ್ಥೆಗಳಿಗೆ ನಾನು ಅದರತ್ತ ಕೈ ತೋರಿಸುತ್ತೇನೆ. ಯಾವುದನ್ನೇ ಆರಿಸಲಿ, ಕನ್ನಡದ ನಿಯಮಗಳು, ಅಪವಾದಗಳ ಪಟ್ಟಿ, ಸಮಾನಾರ್ಥಕ ಕಡತ ಇವು ಸರ್ವರಿನಿಂದ ಪ್ರತ್ಯೇಕವಾಗಿ, ಮುಕ್ತ ಪರವಾನಗಿಯಲ್ಲಿ, ಸಂಸ್ಥೆಯ ಹೆಸರಿನಲ್ಲೇ ಇರಬೇಕು. ಇಂದು ಗುತ್ತಿಗೆದಾರರು ಬದಲಾದರೆ ಅವರೊಡನೆ ಅವರ ಸೆಟ್ಟಿಂಗುಗಳೂ ಹೊರಟುಹೋಗುತ್ತವೆ. ಹೊಸಬರು ಮತ್ತೆ ಸೊನ್ನೆಯಿಂದ ಶುರು ಮಾಡುತ್ತಾರೆ. ಸಾರ್ವಜನಿಕರ ದುಡ್ಡಿನಲ್ಲಿ ಒಂದೇ ‘ಮಲ್ಲಿಗೆ’ಗೆ ಎಷ್ಟು ಸಲ ಅಪವಾದ ಬರೆಸುವುದು?

ಕೆಲಸ ಸರಿಯಾಗಿದೆಯೇ ಎಂದು ತಿಳಿಯುವ ಬಗೆಯೂ ಹೊಸದಲ್ಲ. ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡಿನಲ್ಲಿ ಗ್ರಂಥಪಾಲಕರಾಗಿದ್ದ ಸಿರಿಲ್ ಕ್ಲೆವರ್ಡನ್ 1960ರ ದಶಕದಲ್ಲೇ ದಾರಿ ಹಾಕಿಕೊಟ್ಟರು. 1,400 ಬರಹಗಳ ಸಂಗ್ರಹ, ಪ್ರಶ್ನೆಗಳ ಒಂದು ಪಟ್ಟಿ, ಪ್ರತಿ ಪ್ರಶ್ನೆಗೂ ಸರಿಯಾದ ಉತ್ತರ ಯಾವ ಯಾವ ಬರಹದಲ್ಲಿದೆ ಎಂದು ಮನುಷ್ಯರು ಓದಿ ಗುರುತಿಸಿದ ದಾಖಲೆ; ಇಷ್ಟರ ಮೇಲೆ ಯಾವ ಪದ್ಧತಿಯನ್ನೂ ತೂಗಿನೋಡಬಹುದು. ನಮ್ಮ ಟೆಂಡರುಗಳಲ್ಲಿ ಸರ್ವರಿನ ಮೆಮೊರಿ ಎಷ್ಟು, ಉತ್ತರ ಎಷ್ಟು ಸೆಕೆಂಡಿನಲ್ಲಿ ಬರಬೇಕು ಎಂದು ಬರೆದಿರುತ್ತದೆ. ಸರಿಯಾದ ಪುಟ ಬರಬೇಕು ಎಂದು ಬರೆದಿರುವುದಿಲ್ಲ. ಆ ಸಾಲನ್ನು ಸೇರಿಸಿ, ಜೊತೆಗೆ ಕನ್ನಡದ ಪ್ರಶ್ನೆಗಳ ಪಟ್ಟಿಯೊಂದನ್ನು ಲಗತ್ತಿಸಿದರೆ ಹಣ ಪಾವತಿಗೆ ಮುನ್ನ ಪರೀಕ್ಷೆ ಸಾಧ್ಯವಾಗುತ್ತದೆ. ಪಟ್ಟಿ ಮಾಡುವುದಕ್ಕೆ ಅತಿ ಯೋಗ್ಯರು ಗ್ರಂಥಾಲಯದ ಕೌಂಟರಿನಲ್ಲಿ ಕೂತು, ಓದುಗರು ಏನು ಕೇಳುತ್ತಾರೆಂದು ದಿನವೂ ಕೇಳಿಸಿಕೊಳ್ಳುವವರು.

ನಿಯಮಗಳನ್ನು ಬರೆಯಲು ಸಲಕರಣೆಯೂ ಸಿದ್ಧವಿದೆ. ಇಂಗ್ಲಿಷಿಗೆ 1980ರಲ್ಲಿ ಪ್ರತ್ಯಯ ಬಿಡಿಸುವ ಪ್ರಸಿದ್ಧ ನಿಯಮಾವಳಿ ಕೊಟ್ಟ ಮಾರ್ಟಿನ್ ಪೋರ್ಟರ್, ಮುಂದೆ ಯಾವ ಭಾಷೆಗಾದರೂ ಅಂಥ ನಿಯಮ ಬರೆಯಲೆಂದೇ ಸ್ನೋಬಾಲ್ ಎಂಬ ಪುಟ್ಟ ಭಾಷೆಯನ್ನು ಕಟ್ಟಿದರು. ಬಾಸ್ಕ್, ಫಿನ್ನಿಶ್ ನಿಯಮಗಳು ಅದರಲ್ಲೇ ಇವೆ, ನೆರೆಯ ತಮಿಳಿನದೂ ಇದೆ. ಕನ್ನಡದ ಕಡತವೊಂದು ಅಲ್ಲಿಗೆ ಸೇರಿದರೆ ಅದು ಲುಸೀನ್‌ನ ಮುಂದಿನ ಆವೃತ್ತಿಯೊಂದಕ್ಕೆ ಬರುವ ದಾರಿ ತೆರೆಯುತ್ತದೆ. ಲುಸೀನ್‌ಗೆ ಬಂದದ್ದು ಸೋಲರ್, ಓಪನ್‌ಸರ್ಚ್, ಇಲಾಸ್ಟಿಕ್‌ಸರ್ಚ್ ಮೂರರ ಕೈಗೂ ಸಿಗುತ್ತದೆ. ಬುಡ ಬಿಡಿಸುವ ನಿಯಮಗಳ ಜೊತೆಗೆ ಪರೀಕ್ಷಿಸಲು ಒಂದು ಪದಪಟ್ಟಿ, ಪ್ರತಿ ಪದದ ಎದುರು ಅದರ ಬುಡ, ಇಷ್ಟನ್ನು ಕೂಡಿಸಿ ಕಳಿಸುವುದು ಅಲ್ಲಿನ ರೂಢಿ. ಒಂದು ಕನ್ನಡ ಅಧ್ಯಯನ ವಿಭಾಗ ಮತ್ತು ಒಂದು ಕಂಪ್ಯೂಟರ್ ವಿಜ್ಞಾನ ವಿಭಾಗ ಒಂದೇ ಆವರಣದಲ್ಲಿರುವ ಯಾವ ವಿಶ್ವವಿದ್ಯಾಲಯದಲ್ಲಾದರೂ ಇಬ್ಬರು ವಿದ್ಯಾರ್ಥಿಗಳ ಸ್ನಾತಕೋತ್ತರ ಪ್ರಬಂಧಕ್ಕೆ ಇದು ತಕ್ಕ ವಿಷಯ. ಮೊದಲ ಕರಡಿನಲ್ಲಿ ನಾಮಪದ, ವಿಭಕ್ತಿ, ಬಹುವಚನ ಮತ್ತು ಊ, ಏ, ಓಗಳನ್ನು ಹಿಡಿದರೆ ಸಾಕು. ಕ್ರಿಯಾಪದಗಳನ್ನು ಎರಡನೆಯ ಸುತ್ತಿಗೆ ಇಟ್ಟುಕೊಳ್ಳಬಹುದು.